ಅನ್ನಿಸಿದ್ದೆಲ್ಲ ತೀರ್ಪಲ್ಲ

“ನನಗೆ ಹಾಗೇ ಅನ್ನಿಸುತ್ತದೆ ಅಯ್ಯನವರೇ. ಅನ್ನಿಸುವುದು ಸುಳ್ಳಾಗಲು ಸಾಧ್ಯವೇ?”

ಚರ್ಚಿನ ಸಭಾಪಾಲಕನಾಗಿ ಜನರ ಕಷ್ಟ ಕೇಳಲು ಕುಳಿತಾಗಲೆಲ್ಲ ಈ ಪ್ರಶ್ನೆ ಬೇರೆ ಬೇರೆ ಬಾಯಿಯಿಂದ ಬರುತ್ತದೆ. ಪಿಯುಸಿಯಲ್ಲಿ ನಪಾಸಾದ ಹುಡುಗ “ನಾನು ದಂಡಪಿಂಡ” ಎನ್ನುತ್ತಾನೆ. ನಿವೃತ್ತರಾದ ಮೇಷ್ಟ್ರು “ಈಗ ನಾನು ಯಾರೂ ಅಲ್ಲ” ಎನ್ನುತ್ತಾರೆ. ಒಳ್ಳೆಯ ಸಂಬಳದ ಯುವಕ ಇದನ್ನೇ ತಿರುಗಿಸಿ, “ನನ್ನನ್ನು ನಾನೇ ಕಟ್ಟಿಕೊಂಡೆ, ನನಗೆ ಯಾರ ಹಂಗೂ ಇಲ್ಲ” ಎನ್ನುತ್ತಾನೆ. ಮೂವರದೂ ಒಂದೇ ತಪ್ಪು.

ಆ ತಪ್ಪನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಸಾಲದು. ನಿಮ್ಮ ಭಾವನೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಹುಡುಗನಿಗೆ ನೋವಾಗಿರುವುದು ನಿಜ, ನಿದ್ದೆ ಬಾರದಿರುವುದೂ ನಿಜ. ಆದರೆ ನ್ಯಾಯಾಲಯದಲ್ಲಿ ಸಾಕ್ಷಿ ಬೇರೆ, ನ್ಯಾಯಾಧೀಶರು ಬೇರೆ. ಭಾವನೆ ಸಾಕ್ಷಿ. ತನಗೆ ಕಂಡದ್ದನ್ನು ಅದು ಪ್ರಾಮಾಣಿಕವಾಗಿಯೇ ಹೇಳಬಹುದು, ಅದನ್ನು ತಾಳ್ಮೆಯಿಂದ ಕೇಳಲೇಬೇಕು. ತೀರ್ಪು ಕೊಡುವ ಅಧಿಕಾರ ಮಾತ್ರ ಅದಕ್ಕಿಲ್ಲ. ವಸ್ತುನಿಷ್ಠ ಸತ್ಯ ಎಂದರೆ ಭಾವನೆಯನ್ನು ತುಳಿಯುವ ಬೂಟುಗಾಲು ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಾನು ಹೇಳುವುದು ಇಷ್ಟೇ: ನೀವು ಯಾರು ಎಂಬುದು ನಿಮ್ಮ ಇಂದಿನ ಮನಃಸ್ಥಿತಿಗಿಂತ ಮೊದಲೇ, ಅದರ ಹೊರಗೇ ನಿಂತಿದೆ. ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು ಎಂದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯವೇ ಹೇಳುತ್ತದೆ. ಆಗ ಇನ್ನೂ ಯಾರೂ ಏನನ್ನೂ ಸಾಧಿಸಿರಲಿಲ್ಲ, ಏನನ್ನೂ ಕೆಡಿಸಿರಲೂ ಇಲ್ಲ.

ಕ್ರಿಸ್ತನ ಸಂದೇಶ ಸಾರಿದ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯ ನೋಡಿ. ನೀವು ನನ್ನನ್ನು ಅಳೆದರೆ ನನಗದು ಅಲ್ಪವಿಷಯ ಎನ್ನುತ್ತಾನೆ. ಈ ಮಾತು ಎಲ್ಲರಿಗೂ ಇಷ್ಟವಾಗುತ್ತದೆ. ಮುಂದಿನ ಮಾತನ್ನು ಯಾರೂ ಗಮನಿಸುವುದಿಲ್ಲ: ನನ್ನನ್ನು ನಾನೂ ವಿಚಾರಿಸಿಕೊಳ್ಳುವುದಿಲ್ಲ, ನನ್ನಲ್ಲಿ ದೋಷ ನನಗೆ ಕಾಣದಿದ್ದರೂ ಅಷ್ಟರಿಂದ ನಾನು ನಿರ್ದೋಷಿಯಾಗುವುದಿಲ್ಲ, ವಿಚಾರಿಸುವವನು ಕರ್ತನಾದ ದೇವರೇ. ಊರಿನವರ ತೀರ್ಪನ್ನು ತಳ್ಳಿಹಾಕಿದವನು ತನ್ನ ಮನಸ್ಸಿನ ತೀರ್ಪನ್ನೂ ಒಪ್ಪಲಿಲ್ಲ. “ಜನ ಏನಾದರೂ ಹೇಳಲಿ, ನನ್ನ ಮನಸ್ಸಿಗೆ ಗೊತ್ತು” ಎಂಬಲ್ಲಿಗೆ ನಿಂತುಬಿಡುವವರು ಪೌಲನ ಅರ್ಧ ಮಾತನ್ನಷ್ಟೇ ಕೇಳಿದವರು.

ಹಾಗೆಂದು ಇದು ಬೆನ್ನು ತಟ್ಟುವ ಮಾತೂ ಅಲ್ಲ. “ನೀನು ಸಿಂಹ, ಎದ್ದು ನಿಲ್ಲು” ಎಂಬ ಭಾಷಣಗಳನ್ನು ಕೇಳಿ ಕೇಳಿ ಇನ್ನಷ್ಟು ಕುಗ್ಗಿಹೋದ ಮಕ್ಕಳನ್ನು ನೋಡಿದ್ದೇನೆ. ಅವರಿಗೆ ನಾನು ಬೈಬಲಿನ ಗಿದ್ಯೋನನ ಕಥೆ ಓದಿಸುತ್ತೇನೆ. ಗೋದಿ ಬಡಿಯುವುದು ಎತ್ತರದ ಬಯಲು ಕಣದಲ್ಲಿ. ಗಾಳಿ ಬೀಸಿದರೆ ತಾನೇ ಹೊಟ್ಟು ಹಾರುವುದು? ಗಿದ್ಯೋನನು ತನ್ನ ಜನರನ್ನು ಸುಲಿಯುತ್ತಿದ್ದ ಮಿದ್ಯಾನ್ಯರ ಕಣ್ಣಿಗೆ ಬೀಳಬಾರದೆಂದು ಬಂಡೆ ಕೊರೆದು ಮಾಡಿದ ದ್ರಾಕ್ಷೆಯ ಆಲೆಯೊಳಗೆ ಇಳಿದು ಬಡಿಯುತ್ತಿದ್ದ. ಆ ಗುಂಡಿಯಲ್ಲಿ ಗಾಳಿಯಾಡುವುದಿಲ್ಲ, ಹೊಟ್ಟೆಲ್ಲ ಬೆವರಿದ ಮೈಗೇ. ಅಲ್ಲಿಗೆ ಬಂದ ದೇವದೂತನು ಅವನನ್ನು ಪರಾಕ್ರಮಶಾಲಿಯೇ ಎಂದು ಕರೆದ. ನನ್ನ ಮನೆತನ ಮನಸ್ಸೆ ಕುಲದಲ್ಲೇ ಕನಿಷ್ಠ, ನಾನು ಮನೆಯಲ್ಲಿ ಅಲ್ಪನು ಎಂದು ಗಿದ್ಯೋನ ಉತ್ತರಿಸಿದ. ದೇವರು ಅದನ್ನು ಅಲ್ಲಗಳೆಯಲಿಲ್ಲ, ನಿನ್ನಲ್ಲಿ ಅಡಗಿರುವ ಶಕ್ತಿ ನಿನಗೇ ಗೊತ್ತಿಲ್ಲ ಎಂದು ಹುರಿದುಂಬಿಸಲೂ ಇಲ್ಲ. ನಾನು ನಿನ್ನ ಸಂಗಡ ಇರುತ್ತೇನೆ ಎಂದ.

ಇನ್ನೊಬ್ಬರ ನೆನಪೂ ಬರುತ್ತದೆ. ಹಿಟ್ಲರನ ಆಡಳಿತವನ್ನು ವಿರೋಧಿಸಿದ ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ 1944ರಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ‘ನಾನು ಯಾರು?’ ಎಂಬ ಕವಿತೆ ಬರೆದರು. ಕಾವಲುಗಾರರ ಕಣ್ಣಿಗೆ ಅವರು ಶಾಂತ, ದೃಢ. ಒಳಗೆ ಪಂಜರದ ಹಕ್ಕಿಯ ಚಡಪಡಿಕೆ. ಎರಡರಲ್ಲಿ ಯಾವುದು ನಿಜ? ಕವಿತೆ ಅದನ್ನು ಬಿಡಿಸದೆ, ನಾನು ಯಾರಾದರೂ ಆಗಲಿ, ದೇವರೇ, ನೀನು ಬಲ್ಲೆ, ನಾನು ನಿನ್ನವನು ಎಂದು ಮುಗಿಯುತ್ತದೆ. ಮರುವರ್ಷ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಈಗ ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯಕ್ಕೆ ಬರುತ್ತೇನೆ. ಸತ್ಯ ಎಲ್ಲರಿಗೂ ಒಂದೇ ಎಂದು ಸಭೆಯಲ್ಲಿ ಗಟ್ಟಿಯಾಗಿ ಹೇಳುವ ಹಿರಿಯರೇ ಮಗಳಿಗೆ ಸಂಬಂಧ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು, “ಹುಡುಗನ ಅಜ್ಜನ ಕಾಲದಲ್ಲಿ ಅವರು ಯಾರಾಗಿದ್ದರು, ಅಯ್ಯನವರೇ?” ಎಂದು ಕೇಳುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್, ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ) ಪಡೆಯುವವರು ಜಾತಿ ಬಿಡಲೇಬೇಕೆಂದು ಪಟ್ಟು ಹಿಡಿದಿತ್ತು. ಇಷ್ಟು ತಲೆಮಾರು ಕಳೆದ ಮೇಲೂ ಅದೇ ಪ್ರಶ್ನೆ! ಆಗ ನಾನು ಕಪಾಟಿನಿಂದ ದೀಕ್ಷಾಸ್ನಾನದ ರಿಜಿಸ್ಟರು ತೆಗೆದು ಹುಡುಗನ ಸಾಲನ್ನು ತೋರಿಸುತ್ತೇನೆ: ಹೆಸರು, ಹುಟ್ಟಿದ ದಿನ, ತಂದೆತಾಯಿ, ಸಾಕ್ಷಿಗಳು, ಸಭಾಪಾಲಕರ ರುಜು. ನೀರು ಮುಟ್ಟಿದಾಗ ಆ ಮಗುವಿಗೆ ಏನೂ ಅನ್ನಿಸಿರಲಿಲ್ಲ, ಬಹುಶಃ ಅಳುತ್ತಿತ್ತು. ಆದರೂ ಅದು ಕ್ರಿಸ್ತನದೆಂದು ಅಂದೇ ಘೋಷಿಸಿದ್ದೇವೆ. ಮಗುವಿನ ಭಾವನೆಯಾಗಲಿ ಹಿರಿಯರ ಅಸಮಾಧಾನವಾಗಲಿ ಅದನ್ನು ಅಳಿಸಲಾರದು. ವಸ್ತುನಿಷ್ಠ ಸತ್ಯ ಬೇಕು ಎನ್ನುವವರು ಅದನ್ನು ಮೊದಲು ಮದುವೆಯ ಮಾತುಕತೆಯಲ್ಲಿ ಪಾಲಿಸಲಿ. ನಪಾಸಾದ ಹುಡುಗನಿಗೆ ಬುದ್ಧಿ ಹೇಳುವುದು ಆಮೇಲೆ.

ಒಂದು ಎಚ್ಚರಿಕೆ ಹೇಳಲೇಬೇಕು. ನಾನು ವೈದ್ಯನಲ್ಲ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟವರಿಗೆ, ಸಾಯುವ ಮಾತಾಡುವವರಿಗೆ ಮೇಲಿನದನ್ನೆಲ್ಲ ಓದಿ ಹೇಳಿ ಮನೆಗೆ ಕಳಿಸುವುದು ಕ್ರೌರ್ಯ. ಖಿನ್ನತೆ ಕಾಯಿಲೆ, ಅಪನಂಬಿಕೆಯಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾದಂತೆ ಎಂದು ಯಾರಾದರೂ ಹೆದರಿಸಿದರೆ ಅವರನ್ನು ನನ್ನ ಬಳಿಗೆ ಕಳಿಸಿ. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಬರುವವರು ಇಲ್ಲದಿದ್ದರೆ ಹಿಂದಿನ ರಾತ್ರಿ ಒಂದು ಮಾತು ತಿಳಿಸಿ, ನಾನು ಬರುತ್ತೇನೆ.