ಚಳಿಗಾಲದ ಹಿನ್ನೀರಿನಲ್ಲಿ ಕಯಾಕ್: ಬೆಚ್ಚಗಿನ ನೀರು, ಕೊರೆಯುವ ಗಾಳಿ

ಚಳಿಗಾಲದಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ನಡೆಸಲು ಹೊರಟವರು ಸಾಮಾನ್ಯವಾಗಿ ಹೆದರುವುದು ನೀರಿಗೆ. ಶೀತ ದೇಶಗಳಲ್ಲಿ ಆ ಹೆದರಿಕೆ ನ್ಯಾಯವಾದದ್ದೇ. ಆದರೆ ಡಿಸೆಂಬರ್ ಅಥವಾ ಜನವರಿಯ ಮುಂಜಾನೆ ಸಾಗರ ತಾಲ್ಲೂಕಿನ ಹೊನ್ನೆಮರಡುವಿನ ಕಡೆ ಶರಾವತಿ ಹಿನ್ನೀರಿಗೆ ಕೈ ಅದ್ದಿ ನೋಡಿದವರಿಗೆ ಬೇರೆಯೇ ಅನುಭವವಾಗುತ್ತದೆ. ದಡದಲ್ಲಿ ಗಾಳಿಯ ತಾಪಮಾನ 12ರಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು ಹಲ್ಲು ಕಟಕಟಿಸುತ್ತಿರುವ ಹೊತ್ತಿನಲ್ಲೂ ನೀರಿನ ಮೇಲ್ಪದರ 20 ಡಿಗ್ರಿಗಿಂತ ಮೇಲೆಯೇ ಇದ್ದು, ಕೈಗೆ ಹಿತವಾಗಿ ತಗಲುತ್ತದೆ. ಮಲೆನಾಡಿನ ಜಲಾಶಯಗಳಲ್ಲಿ ಚಳಿಯ ಅಪಾಯ ನೀರಿನೊಳಗೆ ಇರುವುದಕ್ಕಿಂತ ಹೆಚ್ಚಾಗಿ, ನೆನೆದ ಮೈಯಲ್ಲಿ ನೀರಿನಿಂದ ಮೇಲೆ ಬಂದ ನಂತರದ ಗಾಳಿಯಲ್ಲಿದೆ.

ನೀರು ಹೀಗೆ ಬೆಚ್ಚಗೆ ಉಳಿಯುವುದಕ್ಕೆ ಮೊದಲ ಕಾರಣ ಅದರ ವಿಶಿಷ್ಟೋಷ್ಣ. ಒಂದು ಘನ ಮೀಟರ್ ನೀರು ಒಂದು ಡಿಗ್ರಿ ತಣಿಯುವಾಗ ಬಿಟ್ಟುಕೊಡುವ ಉಷ್ಣ ಸುಮಾರು 3,400 ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸಾಕು. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಮುದ್ರಮಟ್ಟದಿಂದ 1,819 ಅಡಿಯ ಗರಿಷ್ಠ ಮಟ್ಟದವರೆಗೆ ತುಂಬಿದಾಗ ಅದರ ಹಿಂದೆ ನಿಲ್ಲುವ ಜಲರಾಶಿ ನೂರಾರು ಚದರ ಕಿಲೋಮೀಟರ್ ಹರಡುತ್ತದೆ. ಅದನ್ನು ಒಂದು ರಾತ್ರಿಯ ಚಳಿ ಅಲುಗಾಡಿಸಲಾರದು. ಎರಡನೆಯ ಕಾರಣ ಇನ್ನೂ ಸ್ವಾರಸ್ಯವಾಗಿದೆ. ಮೇಲ್ಮೈಯಲ್ಲಿ ತಣಿದ ನೀರು ಅಲ್ಲೇ ನಿಲ್ಲುವುದಿಲ್ಲ. 24 ಡಿಗ್ರಿಯ ಒಂದು ಘನ ಮೀಟರ್ ನೀರು ಸುಮಾರು 997.3 ಕಿಲೋಗ್ರಾಂ ತೂಗಿದರೆ 20 ಡಿಗ್ರಿಯದು 998.2 ಕಿಲೋಗ್ರಾಂ ತೂಗುತ್ತದೆ. ಒಂದು ಕಿಲೋಗ್ರಾಂಗೂ ಕಡಿಮೆಯಾದ ಈ ವ್ಯತ್ಯಾಸವೇ ತಣಿದ ನೀರನ್ನು ಕೆಳಗಿಳಿಸಿ, ಕೆಳಗಿನ ಬೆಚ್ಚಗಿನ ನೀರನ್ನು ಮೇಲಕ್ಕೆ ತರುತ್ತದೆ. ಅಂದರೆ ಮೇಲ್ಮೈ ಒಂದು ಡಿಗ್ರಿ ತಣಿಯಬೇಕಾದರೆ ಹಲವು ಮೀಟರ್ ಆಳದ ಪದರವೆಲ್ಲ ತಣಿಯಬೇಕು. ನೆಲಕ್ಕೆ ಈ ಅನುಕೂಲವಿಲ್ಲ. ಮೋಡವಿಲ್ಲದ ರಾತ್ರಿ ಅದು ತನ್ನ ಉಷ್ಣವನ್ನು ಆಕಾಶಕ್ಕೆ ಸೂಸಿ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ ಗುಡ್ಡದ ಇಳಿಜಾರಿನಲ್ಲಿ ಜಾರಿ ಹಿನ್ನೀರಿನ ಮೇಲೆ ಬಂದು ಕೂರುತ್ತದೆ.

ಬೆಳಗಿನ ಮಂಜು ಹುಟ್ಟುವುದು ಈ ಎರಡರ ಭೇಟಿಯಲ್ಲಿ. ನೀರಿಗೆ ತಾಗಿದ 24 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಸುಮಾರು 21.8 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಗುಡ್ಡದಿಂದ ಇಳಿದುಬಂದ 12 ಡಿಗ್ರಿಯ ಗಾಳಿಗೆ ಸಾಧ್ಯವಾಗುವುದು ಸುಮಾರು 10.7 ಗ್ರಾಂ ಮಾತ್ರ. ಹೀಗೆ ಆವಿಯಿಂದ ಪೂರ್ತಿ ತುಂಬಿದ ಎರಡೂ ಗಾಳಿ ಸಮಪಾಲಿನಲ್ಲಿ ಬೆರೆತರೆ ಮಿಶ್ರಣದ ತಾಪಮಾನ 18 ಡಿಗ್ರಿ, ಅದರಲ್ಲಿರುವ ಆವಿ 16.2 ಗ್ರಾಂ ಆಗುತ್ತದೆ. ಆದರೆ 18 ಡಿಗ್ರಿಯ ಗಾಳಿಗೆ 15.4 ಗ್ರಾಂಗಿಂತ ಹೆಚ್ಚು ಹೊರುವ ಶಕ್ತಿಯಿಲ್ಲ. ಹೆಚ್ಚುವರಿ ಆವಿಯಲ್ಲಿ ಒಂದು ಪಾಲು ಹನಿಗಟ್ಟಲೇಬೇಕು; ಹನಿಗಟ್ಟುವಾಗ ಬಿಡುಗಡೆಯಾಗುವ ಉಷ್ಣ ಗಾಳಿಯನ್ನು ತುಸು ಬಿಸಿ ಮಾಡುವುದರಿಂದ ಉಳಿದದ್ದು ಆವಿಯಾಗಿಯೇ ಉಳಿಯುತ್ತದೆ. ಪ್ರತಿ ಘನ ಮೀಟರಿಗೆ ಕಾಲು ಗ್ರಾಂನಷ್ಟು ಹನಿಗಳಾದರೂ ಸಾಕು, ಎದುರಿನ ನಡುಗಡ್ಡೆ ಕಾಣದಂತಾಗುತ್ತದೆ.

ಕಯಾಕ್ ನಡೆಸುವವರಿಗೆ ಈ ಮಂಜು ಫೋಟೊಗೆ ಎಷ್ಟು ಚೆಂದವೋ ದಾರಿಗೆ ಅಷ್ಟೇ ಕೆಟ್ಟದ್ದು. ಇಲ್ಲಿನ ಹಿನ್ನೀರು ಕಾಡು, ಊರುಗಳ ಮೇಲೆ ನಿಂತ ನೀರು. ಮಳೆಗಾಲ ಮುಗಿದಾಗ ತುಂಬಿದ್ದ ಜಲಾಶಯ ವಿದ್ಯುತ್ ಉತ್ಪಾದನೆಗೆ ನೀರು ಹರಿದಂತೆ ಇಳಿಯುತ್ತ ಹೋಗಿ, ಮುಳುಗಿದ್ದ ಮರಗಳ ಬೊಡ್ಡೆಗಳನ್ನು ಮೇಲ್ಮೈಯ ಹತ್ತಿರಕ್ಕೆ ತರುತ್ತದೆ. ಹಿಂದಿನ ವಾರ ಸಲೀಸಾಗಿ ಹಾದುಹೋದ ಜಾಗದಲ್ಲೇ ಈ ವಾರ ಕಯಾಕಿನ ತಳಕ್ಕೆ ಬೊಡ್ಡೆ ತಾಗಬಹುದು. ಕಣ್ಣು ಸೋತಲ್ಲಿ ಕಿವಿಯನ್ನು ನಂಬುವುದೂ ಕಷ್ಟ. ನೀರಿನ ಮೇಲೆ ಕುಳಿತ ತಂಪು ಗಾಳಿಯಲ್ಲಿ ಶಬ್ದ ನಿಧಾನವಾಗಿಯೂ ಅದರ ಮೇಲಿನ ಬೆಚ್ಚಗಿನ ಪದರದಲ್ಲಿ ವೇಗವಾಗಿಯೂ ಸಾಗುವುದರಿಂದ, ಮೇಲಕ್ಕೆ ಹೋಗಬೇಕಿದ್ದ ಶಬ್ದದ ಅಲೆಗಳು ಬಾಗಿ ಮತ್ತೆ ನೀರಿನತ್ತ ಇಳಿಯುತ್ತವೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದವರು, ಲಾಂಚ್ ಕಾಣುವುದಕ್ಕೆ ಬಹಳ ಮುಂಚೆಯೇ ಅದರ ಎಂಜಿನ್ ಸದ್ದು ಪಕ್ಕದಲ್ಲೇ ಇದ್ದಂತೆ ಕೇಳುವುದನ್ನು ಬಲ್ಲರು. ಹತ್ತಿರ ಕೇಳಿಸಿದ ದಡ ನಿಜವಾಗಿ ಹತ್ತಿರ ಇರಬೇಕೆಂದಿಲ್ಲ.

ಹಾಗಾಗಿ ಹೆಚ್ಚಿನವರು ಮಂಜು ಕರಗಲೆಂದು ಕಾಯುತ್ತಾರೆ. ಅದು ಸರಿಯೂ ಹೌದು. ಆದರೆ ಮಂಜು ಕರಗಿಸುವ ಬಿಸಿಲೇ ಗಾಳಿಯನ್ನೂ ಎಬ್ಬಿಸುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ರಾತ್ರಿಯಿಡೀ ಕೆಳಗೆ ಮಲಗಿದ್ದ ತಂಪು ಪದರ, ಮೇಲೆ ಬೀಸುತ್ತಿರುವ ಗಾಳಿಯನ್ನು ನೀರಿಗೆ ತಾಗದಂತೆ ತಡೆದಿರುತ್ತದೆ. ಬಿಸಿಲು ದಡದ ನೆಲವನ್ನು ಕಾಯಿಸಿ ಆ ಪದರವನ್ನು ಒಡೆದ ಕೂಡಲೇ ಮೇಲಿನ ಗಾಳಿಯ ವೇಗ ಕೆಳಕ್ಕೂ ಹಂಚಿಹೋಗುತ್ತದೆ. ಈ ಕಾಲದಲ್ಲಿ ಅದು ಬಹುತೇಕ ಬಯಲುಸೀಮೆಯ ದಿಕ್ಕಿನಿಂದ ಬರುವ ಒಣ ಮೂಡಣ ಗಾಳಿ. ಅಲೆಯ ಎತ್ತರ ಗಾಳಿಯ ವೇಗವನ್ನಷ್ಟೇ ಅಲ್ಲ, ಗಾಳಿ ಎಷ್ಟು ದೂರ ತಡೆಯಿಲ್ಲದೆ ನೀರಿನ ಮೇಲೆ ಓಡಿತು ಎಂಬುದನ್ನೂ ಅವಲಂಬಿಸಿರುತ್ತದೆ. ನಡುಗಡ್ಡೆಗಳ ಮರೆಯಲ್ಲಿ ಕನ್ನಡಿಯಂತಿದ್ದ ನೀರು, ತೆರೆದ ಹರವಿಗೆ ಬಂದೊಡನೆ ಕಯಾಕಿನೊಳಗೆ ಎರಚತೊಡಗುವುದು ಇದರಿಂದಲೇ.

ಇಲ್ಲಿ ಕಯಾಕ್ ಮಗುಚಿತು ಎನ್ನೋಣ. ಕಯಾಕನ್ನು ರೂಪಿಸಿದ್ದು ಉತ್ತರ ಧ್ರುವ ವಲಯದ ಇನ್ಯೂಟ್ ಮತ್ತಿತರ ಜನರು, ಹಿಮಗಟ್ಟುವ ಸಮುದ್ರಗಳಲ್ಲಿ. ಅಂತಹ ನೀರಿಗೆ ಬಿದ್ದವರ ಗತಿಯನ್ನು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ಸರಳ ಸೂತ್ರವೊಂದರಲ್ಲಿ ಹಿಡಿದಿಟ್ಟಿದ್ದಾರೆ: ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಮೈ ತಣಿದು ಎಚ್ಚರ ತಪ್ಪಲು ಒಂದು ಗಂಟೆ. ಏದುಸಿರು ಎಳೆಸುವ ಮೊದಲ ನಿಮಿಷದ ಆಘಾತ ತೀವ್ರವಾಗುವುದು ನೀರು ಸುಮಾರು 15 ಡಿಗ್ರಿಗಿಂತ ತಣ್ಣಗಿದ್ದಾಗ. ಶರಾವತಿ ಹಿನ್ನೀರಿಗೆ ಈ ಸೂತ್ರವನ್ನು ಹಾಗೆಯೇ ಅನ್ವಯಿಸುವುದು ಸುಮ್ಮನೆ ಹೆದರಿಸಿದಂತೆ. ಹಾಗೆಂದು ಇಲ್ಲಿನ ನೀರು ಉಷ್ಣವನ್ನು ಕದಿಯುವುದೇ ಇಲ್ಲ ಎಂದಲ್ಲ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು. ನೀರಿನಲ್ಲಿ ಸುಮ್ಮನಿರುವ ದೇಹ ಉಷ್ಣ ಕಳೆದುಕೊಳ್ಳದಿರಬೇಕಾದರೆ ಆ ನೀರು 33ರಿಂದ 35 ಡಿಗ್ರಿ ಇರಬೇಕು. ಆದ್ದರಿಂದ ದೂರದ ದಡಕ್ಕೆ ಈಜಲು ಹೊರಡದೆ, ಲೈಫ್ ಜಾಕೆಟ್‌ನ ಭರವಸೆಯಲ್ಲಿ ಕಯಾಕಿಗೇ ಅಂಟಿಕೊಂಡು ಮತ್ತೆ ಹತ್ತುವುದು ಲೇಸು.

ನಿಜವಾದ ಲೆಕ್ಕ ಶುರುವಾಗುವುದು ಹತ್ತಿ ಕುಳಿತ ಮೇಲೆ. ಒಂದು ಲೀಟರ್ ನೀರು ಮೈಮೇಲಿಂದ ಆವಿಯಾಗಲು ಸುಮಾರು 2,400 ಕಿಲೋಜೂಲ್ ಉಷ್ಣ ಬೇಕು. ನೆನೆದ ಹತ್ತಿಯ ಅಂಗಿ, ಪ್ಯಾಂಟಿನಲ್ಲಿ ಅರ್ಧ ಲೀಟರ್ ನೀರು ಉಳಿದಿದೆ ಎಂದಿಟ್ಟುಕೊಂಡರೆ ಅದಕ್ಕೆ 1,200 ಕಿಲೋಜೂಲ್. ಸುಮ್ಮನೆ ಕುಳಿತ ದೇಹ ಉತ್ಪಾದಿಸುವುದು ಸುಮಾರು 100 ವ್ಯಾಟ್. ಅಂದರೆ ಇದು ಮೂರು ಗಂಟೆಗೂ ಹೆಚ್ಚಿನ ದುಡಿಮೆ. ಒಂದು ಪಾಲನ್ನು ಬಿಸಿಲು ಮತ್ತು ಗಾಳಿ ಭರಿಸುತ್ತವೆ ನಿಜ, ಆದರೆ ಒಣ ಮೂಡಣ ಗಾಳಿ ಬಟ್ಟೆಯನ್ನು ಒಂದೇ ಗಂಟೆಯಲ್ಲಿ ಒಣಗಿಸಿಬಿಟ್ಟರೆ ಉಳಿದದ್ದನ್ನು ದೇಹ ತನ್ನ ಗಂಟಿನಿಂದಲೇ ತೆರಬೇಕು. ದೇಹ ಮೊದಲು ಚರ್ಮದ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಬೆರಳುಗಳು ಮರಗಟ್ಟಿ ಹುಟ್ಟಿನ ಹಿಡಿತ ಸಡಿಲವಾಗುತ್ತದೆ. ಆಮೇಲೆ ನಡುಕ. ದೇಹದ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಆಗ ಮಾತು ತೊದಲುತ್ತದೆ, ವಿವೇಚನೆ ಮಂಕಾಗುತ್ತದೆ. ಮೈ ಬಿಸಿಯಾಗಲೆಂದು ಮದ್ಯ ಕೊಡುವವರಿದ್ದಾರೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ದೇಹ ಕಷ್ಟಪಟ್ಟು ಒಳಗೆ ಉಳಿಸಿಕೊಂಡ ಉಷ್ಣವನ್ನೇ ಹೊರಗೆ ಚೆಲ್ಲುತ್ತದೆ.

ಬಟ್ಟೆಯ ವಿಷಯದಲ್ಲಿ ಮಲೆನಾಡಿನ ಹಿರಿಯರಿಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ನಾಟಿಯ ಗದ್ದೆಯಲ್ಲಿ ಕಂಬಳಿಕೊಪ್ಪೆ ಹೊದ್ದವರು ಮಳೆಯಲ್ಲಿ ನೆನೆದರೂ ನಡುಗದೆ ದುಡಿದದ್ದಕ್ಕೆ ಕಾರಣ, ಸುರುಳಿ ಸುತ್ತಿದ ಉಣ್ಣೆಯ ಎಳೆಗಳು ಒದ್ದೆಯಾದ ಮೇಲೂ ತಮ್ಮ ನಡುವೆ ಗಾಳಿಯನ್ನು ಹಿಡಿದಿಡುವುದು. ಹತ್ತಿ ನೆನೆದರೆ ಮೈಗೆ ಅಂಟಿ ಆ ಗಾಳಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಕಂಬಳಿ ಹೊದ್ದು ಹುಟ್ಟು ಹಾಕಲಾಗದು. ತೆಳುವಾದ ಉಣ್ಣೆಯ ಅಥವಾ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಗಾಳಿ ತಡೆಯುವ ಜಾಕೆಟ್ ಅದೇ ಕೆಲಸ ಮಾಡುತ್ತದೆ.

ಹೊರಡುವ ದಿಕ್ಕನ್ನೂ ಇದೇ ಲೆಕ್ಕದಿಂದ ಆರಿಸಬೇಕು. ಬೆಳಗಿನ ಶಾಂತ ನೀರಿನಲ್ಲಿ ಮೊದಲು ಪೂರ್ವದತ್ತ ಸಾಗಿದರೆ, ಗಾಳಿ ಎದ್ದು ಮೈ ದಣಿಯುವ ಹೊತ್ತಿಗೆ ಅದೇ ಗಾಳಿ ಹಿಂದಿನಿಂದ ತಳ್ಳಿ ಮರಳಿ ತರುತ್ತದೆ. ಒಣಬಟ್ಟೆಯ ಗಂಟನ್ನು ದಡದಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡದೆ, ನೀರು ಹೊಗದ ಚೀಲದಲ್ಲಿ ಕಟ್ಟಿ ಕಯಾಕಿನಲ್ಲೇ ಇಟ್ಟುಕೊಳ್ಳಬೇಕು; ಗಾಳಿ ಎದುರು ದಡಕ್ಕೆ ನೂಕಿದರೆ ಅಲ್ಲಿಂದ ರಸ್ತೆಯ ಮೇಲೆ ಕಾರಿನವರೆಗೆ ಹತ್ತಾರು ಕಿಲೋಮೀಟರ್ ಸುತ್ತಬೇಕಾಗಬಹುದು.