ಅಂಕಿಗಳು ಹೊಂದಿವೆ, ಸರಿ. ಆದರೆ ಯಾವ ದೇವರು?

ಮೈಸೂರಿನಲ್ಲಿ ವಿಜ್ಞಾನ ಮತ್ತು ಅಧ್ಯಾತ್ಮದ ಉಪನ್ಯಾಸ ಎಲ್ಲೇ ನಡೆಯಲಿ, ಕೊನೆಗೆ ಒಬ್ಬರಾದರೂ ಎದ್ದು ಕೇಳುತ್ತಾರೆ: "ಸರ್, ಫೈನ್ ಟ್ಯೂನಿಂಗ್ ವಾದ ನಮ್ಮ ದೇವರನ್ನೇ ಸಾಬೀತು ಮಾಡುತ್ತದಲ್ಲವೇ?" ಭೌತಶಾಸ್ತ್ರದ ಅಂಕಿಗಳು ಜೀವಕ್ಕೆ ಬೇಕಾದಂತೆಯೇ ಕರಾರುವಾಕ್ಕಾಗಿ ಹೊಂದಿವೆ, ಆದ್ದರಿಂದ ಹೊಂದಿಸಿದವನೊಬ್ಬನಿದ್ದಾನೆ ಎನ್ನುವುದೇ ಆ ವಾದ. ಕೇಳುವವರು ಒಮ್ಮೆ ವೈಷ್ಣವರು, ಒಮ್ಮೆ ಶೈವರು, ಒಮ್ಮೆ ಕ್ರೈಸ್ತರು, ಒಮ್ಮೆ ಮುಸ್ಲಿಮರು. ವಾದ ಮಾತ್ರ ಒಂದಕ್ಷರವೂ ಬದಲಾಗುವುದಿಲ್ಲ. ಸಂಶಯ ಅಲ್ಲೇ ಹುಟ್ಟಬೇಕಿತ್ತು.

ಭೌತಶಾಸ್ತ್ರದ ಭಾಗಕ್ಕೆ ನನ್ನ ತಕರಾರಿಲ್ಲ. ನ್ಯೂಟ್ರಾನ್ ಪ್ರೋಟಾನಿಗಿಂತ 1.293 ಎಂಇವಿಯಷ್ಟೇ (ಕಣಗಳ ತೂಕ ಹೇಳುವ ಮಾನ) ಭಾರ, ಅಂದರೆ ಸುಮಾರು ಶೇ 0.14. ಈ ಅಂತರ ಎಲೆಕ್ಟ್ರಾನಿನ 0.511 ಎಂಇವಿಗಿಂತ ಕಡಿಮೆಯಿದ್ದಿದ್ದರೆ ಹೈಡ್ರೋಜನ್ನಿನ ಪ್ರೋಟಾನ್ ಕಾಲಕ್ರಮದಲ್ಲಿ ತನ್ನ ಎಲೆಕ್ಟ್ರಾನನ್ನೇ ನುಂಗಿ ನ್ಯೂಟ್ರಾನ್ ಆಗಿಬಿಡುತ್ತಿತ್ತು. ಹೈಡ್ರೋಜನ್ ಇಲ್ಲದಿದ್ದರೆ ನೀರೂ ಇಲ್ಲ. ಇದು ಆಕಸ್ಮಿಕವೋ, ಬಹುವಿಶ್ವಗಳಲ್ಲಿ ನಮಗೆ ಸಿಕ್ಕ ಪಾಲೋ, ಯಾರೋ ಇಟ್ಟದ್ದೋ, ಆ ಚರ್ಚೆ ಇನ್ನೂ ಮುಗಿದಿಲ್ಲ.

ಜನ ಎಡವುವುದು ಅದರ ಮುಂದಿನ ಹೆಜ್ಜೆಯಲ್ಲಿ. ಒಂದು ಹಾಳೆ ತೆಗೆದುಕೊಳ್ಳಿ, ಅಂಕಿಗಳು ಉದಾಹರಣೆಗಷ್ಟೇ. ಜೀವಿಗಳನ್ನು ಬಯಸುವ ದೇವರು ‘ಕ’ ಇರುವ ಸಾಧ್ಯತೆ ಮೊದಲಿಗೆ ನೂರಕ್ಕೆ 6, ಅಂಥದ್ದೇ ಇನ್ನೊಂದು ದೇವರು ‘ಖ’ಗೆ 2, ಸೃಷ್ಟಿಕರ್ತನೇ ಇಲ್ಲ ಎನ್ನುವುದಕ್ಕೆ 92 ಎಂದು ಬರೆಯಿರಿ. ‘ಕ’ ಇರಲಿ, ‘ಖ’ ಇರಲಿ, ಜೀವಕ್ಕೆ ಒಗ್ಗುವ ವಿಶ್ವ ಬರುವ ಸಾಧ್ಯತೆ ಅರ್ಧ. ಯಾರೂ ಇಲ್ಲದಿದ್ದರೆ ನೂರಕ್ಕೆ 1. ಗುಣಿಸಿ: 3, 1, 0.92. ಒಟ್ಟು 4.92ರಿಂದ ಭಾಗಿಸಿದರೆ ‘ಕ’ಗೆ ಸುಮಾರು ಶೇ 61, ‘ಖ’ಗೆ ಶೇ 20, ಯಾರೂ ಇಲ್ಲ ಎನ್ನುವುದಕ್ಕೆ ಶೇ 19.

ಆರು ಹೋಗಿ ಅರವತ್ತೊಂದು ಆದದ್ದನ್ನು ಕಂಡು ‘ಕ’ ಭಕ್ತರು ಹಿಗ್ಗುತ್ತಾರೆ. ಅದು ಸುಳ್ಳಲ್ಲ. ಆದರೆ ‘ಖ’ ಕೂಡ ಹತ್ತು ಪಟ್ಟು ಏರಿದೆ! ಇಬ್ಬರ ನಡುವೆ ಮೊದಲು ಇದ್ದದ್ದು ಮೂರಕ್ಕೆ ಒಂದು, ಈಗಲೂ ಮೂರಕ್ಕೆ ಒಂದು. ಕೂದಲೆಳೆಯಷ್ಟೂ ಕದಲಿಲ್ಲ. ನಾಸ್ತಿಕರ ಎದುರು ಬಲ ಕೊಟ್ಟ ಸಾಕ್ಷ್ಯ ಪಕ್ಕದ ಮನೆಯ ಭಕ್ತರ ಎದುರು ಬಾಯಿ ಬಿಡುವುದಿಲ್ಲ. ಆ ಮೊದಲಿನ ಅಂತರ ಶಾಸ್ತ್ರದಿಂದಲೋ ಪರಂಪರೆಯಿಂದಲೋ ಅನುಭವದಿಂದಲೋ ಬಂದದ್ದು. ವಾದ ಮುಗಿದ ಮೇಲೂ ಆ ಭಾರವನ್ನು ಅವೇ ಹೊರಬೇಕು.

ಮಂಡ್ಯ ಜಿಲ್ಲೆಯವರಿಗಂತೂ ಇದು ಹೊಸದೆನಿಸಬಾರದು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಬ್ರಹ್ಮಸೂತ್ರಗಳಿಗೆ ಬರೆದ ಶ್ರೀಭಾಷ್ಯದಲ್ಲಿ, ‘ಶಾಸ್ತ್ರಯೋನಿತ್ವಾತ್’ (1.1.3) ಎಂಬ ಸೂತ್ರದ ಕೆಳಗೆ, ಜಗತ್ತು ಕಾರ್ಯ, ಅಂದರೆ ಕಾರಣದಿಂದ ಉಂಟಾದದ್ದು, ಆದ್ದರಿಂದ ಅದಕ್ಕೊಬ್ಬ ಕರ್ತನಿದ್ದಾನೆ ಎಂಬ ತರ್ಕವನ್ನು ಎತ್ತಿಕೊಂಡು ಖಂಡಿಸುತ್ತಾರೆ. ಭೂಮಿ, ಸಮುದ್ರ ಎಲ್ಲವೂ ಒಂದೇ ಕಾಲಕ್ಕೆ ಒಬ್ಬನಿಂದಲೇ ಆದವು ಎನ್ನಲು ಪ್ರಮಾಣವಿಲ್ಲ ಎಂಬುದು ಅವರ ಆಕ್ಷೇಪ. ನಾರಾಯಣನ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಅವನನ್ನು ತಿಳಿಯಲು ಶಾಸ್ತ್ರವೇ ಬೇಕು ಎಂದರು. ಅವರ ಹೆಸರು ಹೇಳುತ್ತಲೇ ಪ್ರೋಟಾನ್ ಹಿಡಿದು ನಾರಾಯಣನನ್ನು ಸಾಧಿಸಲು ಹೊರಟವರನ್ನು ಕಂಡರೆ ಸಂಕಟವಾಗುತ್ತದೆ.

ಜಗತ್ತು ಅನಾದಿ, ಸೃಷ್ಟಿಕರ್ತನಿಲ್ಲ ಎನ್ನುವ ಜೈನರು ನಮ್ಮ ಲೆಕ್ಕದಲ್ಲಿ ಆ 92ರ ಕಡೆಗೇ ಸೇರುತ್ತಾರೆ. ‘ಕ’ ಮತ್ತು ‘ಖ’ ನಡುವೆ ಆಯ್ಕೆ ಬೇಕಾದವರು, ‘ಕ’ ಇದ್ದರೆ ಹೆಚ್ಚಾಗಿ, ‘ಖ’ ಇದ್ದರೆ ಕಡಿಮೆಯಾಗಿ ಕಾಣಬೇಕಾದದ್ದು ಏನೆಂದು ಮೊದಲು ಹೇಳಲಿ. ನ್ಯೂಟ್ರಾನಿನ ತೂಕದಲ್ಲಂತೂ ಅಂಥದ್ದು ನನಗೆ ಕಂಡಿಲ್ಲ.