ಮುರಿದ ರೆಕ್ಕೆಯ ಲೆಕ್ಕ

ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ನೆಗ್ಗಿದ ಬಾಗಿಲನ್ನು ಸುತ್ತಿಗೆಯಿಂದ ತಟ್ಟಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಡುವ ಟಿಂಕರಿಂಗ್ ಕೆಲಸವನ್ನು ಕಂಡವರಿಗೆ, ಫಾರ್ಮುಲಾ ಒನ್ ಕಾರೊಂದು ತಡೆಗೋಡೆಗೆ ಬಡಿದಾಗ ತಂಡದ ಲೆಕ್ಕಪತ್ರದವರು ಏಕೆ ಕಂಗಾಲಾಗುತ್ತಾರೆ ಎಂಬುದು ಸುಲಭವಾಗಿ ಅರ್ಥವಾಗುವುದಿಲ್ಲ. ಅಲ್ಲಿ ತಟ್ಟಿ ಸರಿಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಒಂದು ಕಾಲಕ್ಕೆ ಇತ್ತು. 1970ರ ದಶಕದ ರೇಸ್ ಕಾರುಗಳ ಒಡಲು ಬಹುಪಾಲು ಅಲ್ಯೂಮಿನಿಯಂ ತಗಡಿನದು. 1981ರಲ್ಲಿ ಮೆಕ್‌ಲಾರೆನ್ ತಂಡ ಕಾರ್ಬನ್ ಫೈಬರ್ (ಇಂಗಾಲದ ಎಳೆ) ಚಾಸಿಯ, ಅಂದರೆ ಚಾಲಕ ಕೂರುವ ಮೂಲ ಚೌಕಟ್ಟಿನ ಕಾರನ್ನು ಕಣಕ್ಕಿಳಿಸಿತು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಅದರ ಎಂಜಿನ್ ಕಿತ್ತು ಬೇರೆಯಾಗುವಷ್ಟು ದೊಡ್ಡ ಅಪಘಾತವಾದರೂ ಚಾಲಕ ಜಾನ್ ವಾಟ್ಸನ್ ಗಾಯವಿಲ್ಲದೆ ಎದ್ದು ಬಂದರು. ಜೀವ ಉಳಿಸುವ ಈ ವಸ್ತು ನೆಗ್ಗುವುದಿಲ್ಲ, ಸೀಳುತ್ತದೆ. ಹೊರಗೆ ಗೀರು ಕಾಣದಿದ್ದರೂ ಒಳಪದರಗಳು ಬಿಟ್ಟುಕೊಂಡಿರಬಹುದು. ಹೊಸ ಭಾಗ ಬೇಕೆಂದರೆ ಅಂಟು ಹೀರಿದ ಬಟ್ಟೆಯಂಥ ಹಾಳೆಗಳನ್ನು ಅಚ್ಚಿನೊಳಗೆ ಕೈಯಿಂದಲೇ ಒಂದರ ಮೇಲೊಂದು ಹಾಸಿ, ಒತ್ತಡದ ಒಲೆಯಲ್ಲಿ ಬೇಯಿಸಬೇಕು.

ಖರ್ಚಿಗೆ ಮಿತಿಯಿಲ್ಲದ ದಿನಗಳಲ್ಲಿ ಸಿರಿವಂತ ತಂಡಗಳಿಗೆ ಇದು ದೊಡ್ಡ ತಲೆನೋವಾಗಿರಲಿಲ್ಲ; ಪೆಟ್ಟು ಬೀಳುತ್ತಿದ್ದುದು ಸಣ್ಣವರಿಗೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಫೋರ್ಸ್ ಇಂಡಿಯಾ, 2017ರಲ್ಲಿ ತನ್ನದೇ ಚಾಲಕರಾದ ಪೆರೆಜ್ ಮತ್ತು ಒಕಾನ್ ಬಾಕುವಿನಲ್ಲೂ ಸ್ಪಾದಲ್ಲೂ ಪರಸ್ಪರ ಗುದ್ದಿಕೊಂಡ ಮೇಲೆ, ಇನ್ನು ಮನಸ್ಸಿಗೆ ಬಂದಂತೆ ಪೈಪೋಟಿ ನಡೆಸಕೂಡದೆಂದು ಅವರಿಗೆ ಕಟ್ಟಪ್ಪಣೆ ಮಾಡಿತು. ಮರುವರ್ಷ ತಂಡ ದಿವಾಳಿಯಂಚಿಗೆ ಬಂದದ್ದಕ್ಕೆ ಈ ಗುದ್ದಾಟ ಕಾರಣವಲ್ಲ, ಸಾಲ ಕಾರಣ.

ವೆಚ್ಚಕ್ಕೆ ಮೂಗುದಾರ ಹಾಕಲು 2009ರಲ್ಲಿ ಕ್ರೀಡೆಯ ಆಡಳಿತ ಸಂಸ್ಥೆಯ ಅಂದಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಮುಂದಿಟ್ಟ 4 ಕೋಟಿ ಪೌಂಡ್ ಮಿತಿಯನ್ನು ದೊಡ್ಡ ತಂಡಗಳು ಒಪ್ಪಲಿಲ್ಲ. ಕಡೆಗೆ 2021ರಲ್ಲಿ ತಂಡವೊಂದಕ್ಕೆ ವರ್ಷಕ್ಕೆ 14.5 ಕೋಟಿ ಡಾಲರ್ ಮಿತಿ ಜಾರಿಗೆ ಬಂತು. ಚಾಲಕರ ಸಂಬಳ, ಪ್ರಚಾರದ ವೆಚ್ಚ ಅದರ ಹೊರಗೆ. ಅಪಘಾತದ ರಿಪೇರಿ ಒಳಗೆ. ನನಗೆ ಕಾಣುವಂತೆ ಕಥೆಯ ತಿರುವು ಇರುವುದು ಇಲ್ಲೇ. ಹೊಸ ಫ್ಲೋರ್ (ಕಾರಿನ ತಳಭಾಗ) ರೂಪಿಸಲೆಂದು ತೆಗೆದಿಟ್ಟ ಮೊತ್ತ ಹಳೆಯ ಮೂತಿಯನ್ನೇ ಮತ್ತೆ ತಯಾರಿಸಲು ಕರಗುತ್ತದೆ, ಮಾಲೀಕ ಎಷ್ಟೇ ಧನಿಕನಾದರೂ ಜೇಬಿಗೆ ಕೈಹಾಕುವಂತಿಲ್ಲ.

ಅದೇ ವರ್ಷ ಸಿಲ್ವರ್‌ಸ್ಟೋನ್‌ನಲ್ಲಿ ಮರ್ಸಿಡಿಸ್ ತಂಡದ ಹ್ಯಾಮಿಲ್ಟನ್ ಕಾರು ತಗುಲಿ ರೆಡ್ ಬುಲ್ ತಂಡದ ವರ್ಸ್ಟಾಪನ್ ತಡೆಗೋಡೆಗೆ ಅಪ್ಪಳಿಸಿದಾಗ, ನಷ್ಟ ಸುಮಾರು 18 ಲಕ್ಷ ಡಾಲರ್ ಎಂದು ರೆಡ್ ಬುಲ್‌ನ ಆಗಿನ ಮುಖ್ಯಸ್ಥ ಕ್ರಿಸ್ಟಿಯನ್ ಹಾರ್ನರ್ ಹೇಳಿದರು. ತಪ್ಪು ಯಾರದೋ ಅವರ ತಂಡವೇ ದುಡ್ಡು ಕಟ್ಟಲಿ ಎಂದು ಫೆರಾರಿ ತಂಡದ ಆಗಿನ ಮುಖ್ಯಸ್ಥ ಮಟಿಯಾ ಬಿನೊಟ್ಟೊ ಸೂಚಿಸಿದರು. ನಮ್ಮ ಸಿಗ್ನಲ್ಲುಗಳಲ್ಲಿ ದಿನವೂ ನಡೆಯುವ ಜಗಳವೇ ಅದು, ಅಲ್ಲಿಯೂ ಬಗೆಹರಿಯಲಿಲ್ಲ.

2022ರಲ್ಲಿ ಜೆಡ್ಡಾದ ಅರ್ಹತಾ ಸುತ್ತಿನಲ್ಲಿ ಮಿಕ್ ಶುಮಾಕರ್ ಕಾರು ಛಿದ್ರವಾದಾಗ, ಮುಂದಿನ ರೇಸಿಗೆ ಬಿಡಿಭಾಗ ಸಾಲದೆ ಹೋದೀತೆಂಬ ಅಂಜಿಕೆಯೂ ಸೇರಿ ಹಾಸ್ ತಂಡ ಮರುದಿನ ಎರಡರ ಬದಲು ಒಂದೇ ಕಾರನ್ನು ಓಡಿಸಿತು. 2024ರ ಮೆಲ್ಬರ್ನ್‌ನಲ್ಲಿ ವಿಲಿಯಮ್ಸ್ ತಂಡದ ಪಾಡು ಇನ್ನೂ ವಿಚಿತ್ರ. ಶುಕ್ರವಾರದ ಅಭ್ಯಾಸದಲ್ಲಿ ಅದರ ಚಾಲಕ ಆಲ್ಬನ್ ಚಾಸಿಯನ್ನೇ ಹಾಳುಮಾಡಿಕೊಂಡರು. ಬದಲಿ ಚಾಸಿ ಇರಲಿಲ್ಲ. ಯಾವ ತಪ್ಪೂ ಮಾಡದ ಇನ್ನೊಬ್ಬ ಚಾಲಕ ಲೋಗನ್ ಸಾರ್ಜೆಂಟ್ ತಮ್ಮ ಕಾರನ್ನು ಸಹಚಾಲಕನಿಗೆ ಬಿಟ್ಟುಕೊಟ್ಟು ಗ್ಯಾರೇಜಿನಲ್ಲಿ ನಿಂತರು. ಅಂಕ ಸಿಗುವುದು ಮೊದಲ ಹತ್ತು ಸ್ಥಾನಗಳಿಗೆ. ಆಲ್ಬನ್ ಹನ್ನೊಂದನೆಯವರಾಗಿ ಮುಗಿಸಿದರು. ಮುಂದಿನ ರೇಸಿಗೆ ಸುಜುಕಾಗೆ ಹೋದಾಗ ಇಬ್ಬರೂ ಒಂದೊಂದು ಕಾರನ್ನು ಜಖಂಗೊಳಿಸಿದರು.